ಜರ್ನಲ್ ಆಫ್ ಮಾಡಿದ ಭಾವ

ಎಕ್ಸ್-ರೇ ಲ್ಯಾಬು ಭಾವನದು. ರೋಗಿಗಳ ಎಕ್ಸ್-ರೇಗಳೆಲ್ಲ ಇದ್ದ ಅಲ್ಲಿನ ಸರ್ವರ್ ನೋಡಿಕೊಳ್ಳುತ್ತಿದ್ದವಳು ಅವರ ತಮ್ಮನ ಹೆಂಡತಿ. ಕರೆಂಟು ಕೈಕೊಟ್ಟಾಗಲೆಲ್ಲ ಸರ್ವರ್ ಮತ್ತೆ ಏಳಲು ಎರಡು ತಾಸು ಹಿಡಿಯುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಅವಳು ಕೇಬಲ್ಲು, ಬ್ಯಾಟರಿ ಎಲ್ಲ ಬದಲಾಯಿಸಿದ್ದಳು. ಇಂದು ನಿಜವಾದ ಕಾರಣ ಸಿಕ್ಕಿತು: ಯಾರೋ ಜರ್ನಲ್ಲನ್ನೇ ಆಫ್ ಮಾಡಿದ್ದರು. ಏನನ್ನೇ ಬದಲಿಸುವ ಮೊದಲು ಡಿಸ್ಕು ಬರೆದಿಟ್ಟುಕೊಳ್ಳುವ ಟಿಪ್ಪಣಿ ಅದು. ಕೆಲಸ ಅರ್ಧಕ್ಕೆ ನಿಂತರೆ ಎಲ್ಲಿಂದ ಸರಿಪಡಿಸಬೇಕೆಂದು ಅದೇ ಹೇಳುತ್ತದೆ; ಅದಿಲ್ಲದಿದ್ದರೆ ಇಡೀ ಡಿಸ್ಕನ್ನೇ ಜಾಲಾಡಬೇಕು.

"ನಾನೇ ಮಾಡಿದ್ದು," ಎಂದರು ಭಾವ. "ಅದಿಲ್ದಿದ್ರೆ ಸ್ಪೀಡ್ ಜಾಸ್ತಿ. ನನ್ನ ಕಂಪ್ಯೂಟರಲ್ಲೂ ತೆಗೆದಿದೀನಿ. ಹಾಗೇ ಇರ್ಲಿ ಬಿಡಮ್ಮ."

"ಇರೋದು ಬೇಡ ಭಾವ. ಆನ್ ಮಾಡ್ತೀನಿ."

"ಲ್ಯಾಬ್ ಯಾರ್ದು?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ತನ್ನ ಕಂಪ್ಯೂಟರಿನಲ್ಲಿ ದೊಡ್ಡದೊಂದು ಫೈಲನ್ನು ಕಾಪಿಗೆ ಹಾಕಿ, ಅದು ಅರ್ಧ ಮುಗಿಯುವಷ್ಟರಲ್ಲಿ ಗೋಡೆಯ ಪ್ಲಗ್ಗನ್ನು ಸರಕ್ಕನೆ ಕಿತ್ತಳು. ಮತ್ತೆ ಚುಚ್ಚಿದಳು. ಜರ್ನಲ್ ಇದ್ದ ಆ ಯಂತ್ರ ಒಂದೇ ನಿಮಿಷದಲ್ಲಿ ಎದ್ದು ಕೂತಿತು.

"ನನ್ನ ಮೂರು ವರ್ಷದ ಕೆಲಸ ಇದರಲ್ಲೇ ಇದೆ," ಎಂದಳು. "ಈಗ ನೀವೂ ಹೀಗೇ ನಿಮ್ದು ಕೀಳಿ."

ಭಾವ ತಮ್ಮ ಮೇಜಿನಡಿ ಬಗ್ಗಿ ಪ್ಲಗ್ಗು ಹಿಡಿದರು. ಹಿಡಿದವರು ಸುಮಾರು ಹೊತ್ತು ಹಾಗೆಯೇ ಕುಕ್ಕರಗಾಲಲ್ಲಿ ಕೂತರು. ಆಮೇಲೆ ಅದನ್ನು ಇನ್ನಷ್ಟು ಒಳಕ್ಕೆ ಒತ್ತಿ ಬಿಗಿಮಾಡಿದರು.

"ನೋಡಮ್ಮ, ಇದಕ್ಕೂ ಆ ಜರ್ನಲ್ಲು..."

"ಹಾಕ್ತೀನಿ," ಎಂದಳು ಅವಳು, ಸರ್ವರ್ ಕಡೆ ನಡೆಯುತ್ತ. "ರೋಗಿಗಳದ್ದು ಮೊದಲು. ನಿಮ್ದು ಆಮೇಲೆ."