ಉಡಿಯ ಅಕ್ಕಿ

ಪುಷ್ಯದ ಚಳಿ ಇನ್ನೂ ನೆಲ ಬಿಟ್ಟಿರಲಿಲ್ಲ. ಮುರಗೋಡದ ಎರೆಹೊಲಗಳಲ್ಲಿ ಹತ್ತಿ ಎರಡನೇ ಸಲ ಒಡೆದು ನಿಂತಿತ್ತು. ಇಬ್ಬನಿ ಆರುವ ಮೊದಲು ಬಿಡಿಸಿದರೆ ಹತ್ತಿ ಹಸಿ ಹಿಡಿಯುತ್ತದೆ, ಬಿಸಿಲು ಬಲಿತ ಮೇಲೆ ಬಿಡಿಸಿದರೆ ಒಣಗಿದ ಎಲೆ ಪುಡಿಯಾಗಿ ಅದಕ್ಕೆ ಅಂಟಿಕೊಳ್ಳುತ್ತದೆ. ನಡುವೆ ಸಿಕ್ಕ ಹೊತ್ತಿನಲ್ಲೇ ಕೈ ಓಡಬೇಕು. ಮಲಕಾಜಪ್ಪನ ಹೊಲದಲ್ಲಿ ಹೆಂಗಸರು ಹಳೆ ಸೀರೆಯ ತುಂಡನ್ನು ಸೊಂಟಕ್ಕೆ ಉಡಿಯಂತೆ ಕಟ್ಟಿಕೊಂಡು ಒಬ್ಬೊಬ್ಬರು ಒಂದೊಂದು ಸಾಲು ಹಿಡಿದಿದ್ದರು. ಮೊದಲ ಸಾಲು ಮಲಕಾಜಪ್ಪನ ಹೆಂಡತಿ ಬೀರವ್ವನದು.

ಬದುವಿನ ಮೇಲೆ, ಬೇವಿನ ಗಿಡದ ಬುಡದಲ್ಲಿ ಚಾಪೆ ಹಾಸಿಕೊಂಡು ಭಾವನಾ ಓದುತ್ತಿದ್ದಳು. ಮಗ್ಗುಲಲ್ಲಿ ಅವಳ ಅಪ್ಪನ ಮೈಕಿನ ಪೆಟ್ಟಿಗೆ. ಶ್ರಾವಣದಲ್ಲಿ ಅಪ್ಪ ನೀಲಕಂಠ ಭಟ್ಟರು ಗುಡಿಯಲ್ಲಿ ಪುರಾಣ ಓದಲು ಇಟ್ಟುಕೊಂಡದ್ದು ಅದು. ಉಳಿದ ತಿಂಗಳು ಮಗಳ ಪಾಲಿಗೆ.

ಭಾವನಾಳದು ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣ ಪುಸ್ತಕದಂಗಡಿ. ಹೆಣ್ಣುಮಕ್ಕಳು ಬರೆದ ಹೊಸ ಕಾದಂಬರಿಗಳನ್ನು, ಅದರಲ್ಲೂ ಪ್ರೀತಿಯ ಕತೆಗಳನ್ನು ಹುಡುಕಿ ತರಿಸುವುದು ಅವಳ ಹುಚ್ಚು. ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಟೀಚರುಗಳು, ಅಂಗನವಾಡಿಯವರು, ಮನೆಯ ಸೊಸೆಯಂದಿರು ಎಲ್ಲ ಸೇರಿದ ಒಂದು ವಾಟ್ಸಾಪ್ ಗುಂಪು ಕಟ್ಟಿದ್ದಳು. ಹೊಸ ಪುಸ್ತಕ ಬಂದರೆ ಅದರ ಬಗ್ಗೆ ತನ್ನ ದನಿಯಲ್ಲೇ ನಾಲ್ಕು ಮಾತು ಹೇಳಿ ಕಳಿಸುತ್ತಿದ್ದಳು. ಬೇಕಾದವರು ತರಿಸಿಕೊಳ್ಳುತ್ತಿದ್ದರು. ಆದರೆ ಹಾಗೆ ಹೇಳುವ ಮೊದಲು ಪುಸ್ತಕವನ್ನು ಮುರಗೋಡದ ಹೊಲದಲ್ಲಿ ಓದಿ ನೋಡುವುದು ಅವಳ ಪದ್ಧತಿ. ಬಿಡಿಸುವ ಕೈಗಳು ಒಮ್ಮೆಯಾದರೂ ನಿಂತವೆಂದರೆ ಆ ಪುಸ್ತಕ ಗೆದ್ದಿತು. ಇದ್ದದ್ದನ್ನು ಇದ್ದಂತೆ ಓದುತ್ತಾಳೆ, ಇದ್ದದ್ದನ್ನು ಇದ್ದಂತೆ ಹೇಳುತ್ತಾಳೆ ಎಂದು ಅವಳಿಗೆ ಹೆಸರು.

ಈ ಸಲದ್ದು ಹಸಿರು ಅಟ್ಟೆಯ ಪುಸ್ತಕ. ಕಿತ್ತೂರಿನ ಅನ್ನಪೂರ್ಣಾ ಎಂಬ ನರ್ಸ್‌ಬಾಯಿ ಬರೆದ ಮೊದಲ ಕಾದಂಬರಿ. ಲಲಿತಾ ಎಂಬ ಟೇಲರ್ ಹುಡುಗಿ, ಪಕ್ಕದಂಗಡಿಯಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಪ್ರಕಾಶ. ವರ್ಷಗಟ್ಟಲೆ ಇಬ್ಬರದೂ ಬರೀ ನೋಟ.

"ಆ ಮೋಟರ್ ಹುಡಗಗ ಬಾಯಿ ಬಿಟ್ಟ ಒಂದ್ ಮಾತ ಹೇಳಾಕ ಏನ್ ಧಾಡಿ ಬೇ?" ಎಂದು ಎರಡನೇ ಸಾಲಿನಿಂದ ಸೋಮವ್ವ ಮೊನ್ನೆ ಕೂಗಿದ್ದಳು. "ನಮ್ಮನಿಯವನಂಗ ಕರೆಂಟ್ ಬಂದಾಗಷ್ಟ ಎದ್ದ ಕುಂದರ್ತಾನೇನ?"

"ನಿನ್ನ ಬಾಯಿಗೆ ಹತ್ತಿ ತುರಕಲಿ! ಕೇಳಗೊಡ," ಎಂದು ಬೀರವ್ವ ಗದರಿದ್ದಳು.

ಪ್ರಕಾಶ ಕೊನೆಗೆ ಮಾತು ಹೇಳಿದ. ಜಾತಿ ಬೇರೆಯೆಂದು ಲಲಿತಾಳ ಅಪ್ಪ ಒಪ್ಪಲಿಲ್ಲ, ಅವ್ವ ತುಟಿ ಬಿಚ್ಚಲಿಲ್ಲ. ಹುಡುಗಿ ಒಂದು ಬೆಳಿಗ್ಗೆ ಬರಿಗೈಯಲ್ಲಿ ಹೋಗಿ ಮದುವೆಯಾದಳು. ಅಲ್ಲಿಂದ ಮುಂದೆ ಬೀರವ್ವ ಸೋಮವ್ವನನ್ನು ಗದರಿಸುವುದನ್ನೂ ಬಿಟ್ಟಳು. ತಲೆ ತಗ್ಗಿಸಿ ಬಿಡಿಸುತ್ತಿದ್ದಳು, ಕಿವಿ ಮಾತ್ರ ಬೇವಿನ ಗಿಡದ ಕಡೆಗೆ.

ಇವತ್ತು ಲಲಿತಾಳ ಅವ್ವ ಉಡಿಯ ಸಾಮಾನು ಕಟ್ಟಿಕೊಂಡಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಎಲೆ ಅಡಿಕೆ, ಕುಬಸದ ಖಣ. ಗಂಡನ ಮನೆಗೆ ಹೊರಟ ಮಗಳ ಸೆರಗಿನಲ್ಲಿ ಹೆತ್ತವಳು ತುಂಬಬೇಕಾದ ಉಡಿ. ತುಂಬದಿದ್ದರೆ ಅದು ತಾಯಿಯ ಮೇಲೆ ಉಳಿದ ಋಣ. ಗಂಡನಿಗೆ ಹೇಳದೆ ಅವಳು ಬಸ್ಸು ಹತ್ತಿದಳು.

ಅಲ್ಲಿಗೆ ಭಾವನಾ ಪುಸ್ತಕ ಮುಚ್ಚಿದಳು. ದಿನದ ಓದನ್ನು ಶುಭದ ಜಾಗದಲ್ಲೇ ನಿಲ್ಲಿಸಬೇಕು, ಕೇಳಿದವರು ಅಳು ಹೊತ್ತುಕೊಂಡು ಮನೆಗೆ ಹೋಗಬಾರದು ಎನ್ನುವುದು ಅಪ್ಪನಿಂದ ಬಂದ ರೂಢಿ.

ಎಲ್ಲರೂ ಬುತ್ತಿ ಬಿಚ್ಚಿದಾಗ ಬೀರವ್ವ ನೀರಿನ ನೆವ ಮಾಡಿಕೊಂಡು ಗಿಡದ ಬುಡಕ್ಕೆ ಬಂದಳು.

"ತಂಗಿ, ಆಕಿ ಹೋಗಿ ಮುಟ್ಟತಾಳೋ ಇಲ್ಲೋ?"

"ನಾಳೆ ಓದತೇನಲ್ಲ ದೊಡವ್ವ."

"ನಾಳೆ ಎಲ್ಲಾರಿಗೂ ಓದು. ನನಗಷ್ಟ ಈಗ ಹೇಳು."

ಬೀರವ್ವನ ಮಗಳು ಮಂಜುಳಾ ಐದು ವರ್ಷದ ಹಿಂದೆ ಅಪ್ಪನ ಮಾತು ಮೀರಿ ರಾಮದುರ್ಗದ ಕಡೆಯ ಸಾಲಹಳ್ಳಿಯ ವೈರ್‌ಮನ್ ಅರ್ಜುನನನ್ನು ಮೆಚ್ಚಿ ಮದುವೆಯಾದದ್ದು ಊರಿಗೆಲ್ಲ ಗೊತ್ತಿತ್ತು. ಮದುವೆಯಾದ ಮೊದಲ ಪಂಚಮಿ ಹಬ್ಬಕ್ಕೆ ಆ ಹುಡುಗಿ ತವರಿಗೆ ಬಂದಿದ್ದೂ ಗೊತ್ತಿತ್ತು. ಕಟ್ಟೆಯ ಮೇಲೆ ಕೂತ ಮಲಕಾಜಪ್ಪ ಮುಖ ತಿರುವಿದ್ದ. ಮಂಜುಳಾ ಮುಚ್ಚಿದ ಬಾಗಿಲ ಮುಂದೆ ಸೆರಗೊಡ್ಡಿ ನಿಂತು, "ಅವ್ವಾ, ಉಡಿ ತುಂಬಿ ಕಳಸು, ಹೊಳ್ಳಿ ಬರೂದಿಲ್ಲ," ಎಂದಿದ್ದಳು.

"ನಾ ಒಳಗ ಅಗಳಿ ಮ್ಯಾಲೆ ಕೈ ಇಟ್ಟ ನಿಂತಿದ್ನೆವ್ವಾ," ಎಂದಳು ಬೀರವ್ವ, ಯಾರೂ ಕೇಳದಿದ್ದರೂ. "ತಗಿಯಾಕ ಕೈ ಬರಲಿಲ್ಲ. ಆಕಿ ಹೋದ್ಲು." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಈ ಲಲಿತಾನ ಅವ್ವ ಹೋದ್ರ ನಾನೂ ಹೋಗಾಕಿ. ನಿನ್ನಾಣಿ. ಆಕಿ ಮುಟ್ಟಲಿ, ತಡಿ."

ಭಾವನಾಳಿಗೆ ಕೊನೆ ಗೊತ್ತಿತ್ತು. ಲಲಿತಾಳ ಅವ್ವ ಮುಟ್ಟುವುದಿಲ್ಲ. ನಡುದಾರಿಯ ಒಂದು ಸ್ಟಾಪಿನಲ್ಲಿ ಇಳಿದು, ತಿರುಗಿ ಬರುವ ಬಸ್ಸಿಗಾಗಿ ಕಾಯುತ್ತಾ ಕೂರುತ್ತಾಳೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ.

ಸಂಜೆ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅಪ್ಪನ ಎದುರು ಅವಳು ಎಲ್ಲ ಹೇಳಿಕೊಂಡಳು.

"ಇಷ್ಟಕ್ಕ ಮಾರಿ ಸಣ್ಣ ಮಾಡ್ಕೊಂಡು ಕೂತೀಯೇನು?" ಎಂದರು ನೀಲಕಂಠ ಭಟ್ಟರು. "ನಾ ಎಷ್ಟ ಸಲ ಹಾರಿಸೇನಿ ಗೊತ್ತದ ಏನು? ಎದುರಿಗೆ ಬಾಣಂತಿ ಕೂತಿದ್ರ ಕೂಸು ಸಾಯೋ ಅಧ್ಯಾಯ ಓದ್ತಾರೇನು ಯಾರರೆ? ಮಂಗಳ ಹೇಳಿ ಎದ್ದುಬಿಡೋದು."

"ಅದು ಪುರಾಣ ಅಪ್ಪಾ. ಎಲ್ಲಾರಿಗೂ ಕತಿ ಗೊತ್ತಿರ್ತದ. ಇದು ಒಬ್ಬಾಕಿ ಬರದದ್ದು."

"ಬರದಾಕಿ ಕಿತ್ತೂರಾಗ ಇದ್ದಾಳ. ಕೇಳಾಕಿ ಇಲ್ಲಿ ಕೂತಾಳ." ಅವರು ಬತ್ತಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಒಬ್ಬಾಕಿ ತಾಯಿ ಮಗಳ ಮನಿಗೆ ಹೋದ್ರ ಯಾರ ಗಂಟು ಹೋಗ್ತದ?"

ಮರುದಿನ ಬೇವಿನ ಬುಡದಲ್ಲಿ ಭಾವನಾ ಪುಸ್ತಕ ತೆರೆದಳು. ಬಸ್ಸು ಹೊರಟಿತು. ಕಿಟಕಿಯಾಚೆ ಜೋಳದ ಹೊಲ, ಕಬ್ಬಿನ ಗಾಡಿ. ನಡುದಾರಿಯ ಸ್ಟಾಪು ಬಂತು. ಆ ಸಾಲಿನ ಮೇಲೆ ಅವಳ ಕಣ್ಣು ನಿಂತಿತು. ತಲೆ ಎತ್ತಿದಳು. ಮೊದಲ ಸಾಲಿನಲ್ಲಿ ಬೀರವ್ವ ಬಿಡಿಸುವುದನ್ನು ಬಿಟ್ಟು ನೆಟ್ಟಗೆ ನಿಂತಿದ್ದಳು.

ಭಾವನಾ ಹಾಳೆಯನ್ನು ನೋಡುತ್ತಲೇ ಅದರಲ್ಲಿಲ್ಲದ್ದನ್ನು ಓದಿದಳು. ಅವ್ವ ಬಸ್ಸಿಳಿದಳು, ಮನೆ ಕೇಳಿಕೊಂಡು ಹೋದಳು, ಬಾಗಿಲು ತಟ್ಟಿದಳು. ಲಲಿತಾ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲು ತೆಗೆದಳು. ಆಮೇಲೆ ಮಗಳು ಸೆರಗೊಡ್ಡಿದಳು, ಅವ್ವ ಉಡಿ ತುಂಬಿದಳು. ಇಬ್ಬರೂ ಅಲ್ಲೇ ಹೊಸ್ತಿಲ ಮೇಲೆ ಕೂತರು.

ಹೊಲದಲ್ಲಿ ಒಂದು ಕೈಯೂ ಆಡುತ್ತಿರಲಿಲ್ಲ. ಸೋಮವ್ವ ಉಡಿಯೊಳಗಿನ ಹತ್ತಿಯಲ್ಲೇ ಮೂಗು ಒರೆಸಿಕೊಂಡಳು. "ಅಳಸೇ ಬಿಟ್ಟಳಲ್ಲ ಆ ನರ್ಸಬಾಯಿ," ಎಂದಳು.

ಮರುದಿನ ಬೀರವ್ವನ ಸಾಲು ಖಾಲಿಯಿತ್ತು. ಸಾಲಹಳ್ಳಿಯ ದಾರಿಗೆ ಹೋಗುವ ಯರಗಟ್ಟಿಯ ಬಸ್ಸಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದನ್ನು ನೋಡಿದೆ ಎಂದು ಹಾಲಿನವನು ಹೇಳಿದ.

ಭಾವನಾ ಅಂದು ಅಂಗಡಿಗೆ ಹೋಗಲಿಲ್ಲ. ಹಸಿರು ಪುಸ್ತಕದ ಬಗ್ಗೆ ಗುಂಪಿಗೆ ಕಳಿಸಬೇಕಾದ ಮಾತನ್ನು ಫೋನಿನಲ್ಲಿ ಹೇಳಿ, ಕೇಳಿ, ಅಳಿಸಿದಳು. ಮತ್ತೆ ಹೇಳಿದಳು. ಮನಸ್ಸೆಲ್ಲ ಸಾಲಹಳ್ಳಿಯ ಒಂದು ಕಾಣದ ಬಾಗಿಲ ಮುಂದಿತ್ತು.

ದನ ಹೊಲದಿಂದ ತಿರುಗುವ ಹೊತ್ತಿಗೆ ಬೀರವ್ವ ಬಂದಳು. ಮನೆಗೆ ಹೋಗದೆ ನೆಟ್ಟಗೆ ಭಟ್ಟರ ಮನೆಗೇ ಬಂದಿದ್ದಳು. ಚೀಲ ಹೋದಾಗಿನಷ್ಟೇ ತುಂಬಿತ್ತು. ಕಟ್ಟೆಯ ಮೇಲೆ ಕೂತು, ಭಾವನಾ ಕೊಟ್ಟ ನೀರನ್ನು ಪೂರ್ತಿ ಕುಡಿದಳು.

"ಬಾಗಲಾ ತಗದ್ಲು," ಎಂದಳು.

ಭಾವನಾ ಮಗ್ಗುಲಲ್ಲಿ ಕೂತಳು.

"ಚಾಪಿ ಹಾಸಿದ್ಲು. ಚಾ ಕೊಟ್ಲು. ತಿನ್ನಾಕ ಪುಟಾಣಿ ಕೊಟ್ಲು. ಮನಿ ಚೊಲೊ ಐತಿ, ಗ್ವಾಡಿಗೆ ಗಿಲಾವ್ ಮಾಡಿಸ್ಯಾರ. ಆಕಿಗೊಂದು ಹೆಣ್ಣ ಕೂಸೈತಿ. ನನ್ನ ಮೂಗ ಬಂದೈತಿ ನೋಡು ಅದಕ್ಕ. 'ಯಾರ ಬೇ ಇವ್ರು?' ಅಂತ ಕೇಳ್ತು." ಅವಳು ಚೀಲದ ಹಿಡಿಕೆಯನ್ನು ನೇವರಿಸಿದಳು. "ಮಂಜುಳಾ ಅಂದ್ಲು, 'ಮುರಗೋಡದವರು.'"

ಹಿತ್ತಲಲ್ಲಿ ಭಟ್ಟರು ಕೊಡ ಇಳಿಸಿದ ಸದ್ದಾಯಿತು.

"ಅಷ್ಟ?" ಎಂದಳು ಭಾವನಾ.

"ಅಷ್ಟ. ಉಡಿ ತುಂಬತೇನಿ, ಸೆರಗ ಒಡ್ಡವ್ವಾ ಅಂದೆ. 'ನಾ ಒಡ್ಡಿ ನಿಂತಾಗ ನೀ ಬರಲಿಲ್ಲ. ನಮ್ಮತ್ತಿ ತುಂಬ್ಯಾರ, ನನ್ನ ಉಡಿಯಾಗ ಜಾಗಾ ಇಲ್ಲ' ಅಂದ್ಲು. ಸಿಟ್ಟ ಮಾಡಲಿಲ್ಲ ತಂಗಿ. ಬೈದಿದ್ರ ಚೊಲೊ ಇತ್ತು. ಬಸ್ಸಿನ ತನಕ ಬಂದ ಕಳಿಸಿದ್ಲು, ಬಂದವರನ್ನ ಕಳಿಸಿದಂಗ."

ಆಮೇಲೆ ಬೀರವ್ವ ಭಾವನಾಳ ಮೊಣಕಾಲು ಮುಟ್ಟಿದಳು. "ಆ ಪುಸ್ತಕ ತಾ. ಬಾಗಲಾ ತಗೀತಾಳಲ್ಲ, ಅದನ್ನ ಇನ್ನೊಮ್ಮೆ ಓದು. ಆಕಿ ಅವ್ವ ಏನಂದ್ಲು ಅಲ್ಲಿ? ನಾ ಅನಬೇಕಾದ್ದ ಏನೋ ಬಿಟ್ನೆನೋ."

ಭಾವನಾ ಒಳಗೆ ಹೋಗಿ ಪುಸ್ತಕ ತಂದಳು. ಕೊನೆಯ ಹಾಳೆ ತೆರೆದಳು. ನಿನ್ನೆ ಹುಟ್ಟಿಸಿದ ಮಾತುಗಳು ಒಂದೂ ಬಾಯಿಗೆ ಬರಲಿಲ್ಲ.

"ಓದು."

"ಇದರಾಗ ಅದು ಇಲ್ಲ ದೊಡವ್ವ."

ಬೀರವ್ವ ಅವಳ ಮುಖ ನೋಡಿದಳು. ಆಮೇಲೆ ಅಕ್ಷರ ಬಾರದ ಕಣ್ಣಿನಿಂದ ಹಾಳೆಯನ್ನೂ ನೋಡಿದಳು.

"ಮತ್ತ ನೀ ಓದಿದ್ದು?"

"ನಾನಽ ಹೇಳಿದ್ದು. ನೀ ಹೋಗಲಿ ಅಂತ."

"ಹಂಗಾರ ಏನೈತಿ ಇದರಾಗ? ಇದ್ದದ್ದ ಓದು ಈಗ."

ಭಾವನಾ ಓದಿದಳು. ಒಂದು ಮಾತೂ ಬಿಡಲಿಲ್ಲ. ಲಲಿತಾಳ ಅವ್ವ ನಡುದಾರಿಯಲ್ಲಿ ಇಳಿದಳು. ಚೀಲವನ್ನು ಕಲ್ಲಿನ ಮೇಲಿಟ್ಟು ತಾನು ನೆಲಕ್ಕೆ ಕೂತಳು. ಎರಡೂ ಕಡೆಯಿಂದ ಬಸ್ಸುಗಳು ಬಂದವು, ಹೋದವು. ಮಗಳು ಈಗ ರೊಟ್ಟಿ ಬಡಿಯುತ್ತಿರಬಹುದು, ಬಾಗಿಲ ಸದ್ದಾದರೆ ನನ್ನನ್ನೇ ನೆನೆಯಬಹುದು ಎಂದುಕೊಂಡಳು.

ಬೀರವ್ವ ಕೇಳಿ ಮುಗಿಸಿದಳು. "ನರ್ಸಬಾಯಿಗೆ ಗೊತ್ತಿತ್ತು," ಎಂದಳು ಮೆಲ್ಲಗೆ. "ನಡುದಾರ್ಯಾಗ ಇಳಿದಿದ್ರ ನಾನೂ ಹಂಗ ಅನ್ಕೊಂಡ ಇರತಿದ್ನೆಲ್ಲ. ಮಗಳು ನನ್ನ ದಾರಿ ನೋಡಾಕ ಹತ್ತ್ಯಾಳ ಅಂತ. ಇಷ್ಟ ವರ್ಷ ಅದಕ್ಕಽ ಉಸಿರ ಹಿಡಿದಿದ್ದೆ ನಾ."

"ದೊಡವ್ವ, ನನ್ನ ತಪ್ಪು—"

"ಬಾಗಲಾ ಹಾಕಿದ್ದ ನಾನು, ನಿಂದೇನೈತಿ." ಎದ್ದು ನಿಂತು ಚೀಲ ಎತ್ತಿಕೊಂಡಳು. ಮೆಟ್ಟಿಲಿಳಿದು ತಿರುಗಿದಳು. "ಆದ್ರ ಇನ್ನ ಮ್ಯಾಲೆ ನಮಗ ಇದ್ದದ್ದ ಓದವ್ವಾ. ಗೋಳಿದ್ರ ಗೋಳು. ನಾವೇನ್ ಗೋಳು ಕಂಡಿಲ್ಲದವರಲ್ಲ."

ಆ ವಾರ ಭಾವನಾ ಗುಂಪಿಗೆ ಹಸಿರು ಪುಸ್ತಕದ ಮಾತು ಕಳಿಸಿದಳು. ಇದು ಪ್ರೀತಿಯ ಕಾದಂಬರಿ, ನಮ್ಮ ಕಡೆಯ ಹೆಣ್ಣುಮಗಳು ಬರೆದದ್ದು, ನಾವು ಬಯಸಿದಂತೆ ಮುಗಿಯುವುದಿಲ್ಲ, ಆದರೂ ಓದಿರಿ ಎಂದಷ್ಟೇ ಹೇಳಿದಳು. ಹಿಂದಿನ ಯಾವ ಪುಸ್ತಕಕ್ಕೂ ಇಷ್ಟು ಬೇಡಿಕೆ ಬಂದಿರಲಿಲ್ಲ. ಅನ್ನಪೂರ್ಣಾ ಫೋನು ಮಾಡಿ, "ನಿಮ್ಮ ಉಪಕಾರ ಹೆಂಗ ತೀರಸಲಿ ಅಕ್ಕಾರ?" ಎಂದಳು. ಭಾವನಾ ರಾಮದುರ್ಗದ ಕಡೆಗೆ ಹೋಗುವ ಪ್ರತಿಯೊಂದು ಪಾರ್ಸಲ್ ಕಟ್ಟುವಾಗಲೂ ಮೇಲಿನ ಹೆಸರು ಓದುತ್ತಿದ್ದಳು. ಸಾಲಹಳ್ಳಿಯ ಮಂಜುಳಾ ಎಂಬ ಹೆಸರು ಯಾವುದರ ಮೇಲೂ ಇರಲಿಲ್ಲ.

ಮೂರನೇ ಬಿಡಿಕೆಗೆ ಹತ್ತಿ ಸಣ್ಣದಾಗಿತ್ತು, ಗಿಡಗಳು ಒಣಗಿ ಕಾಲಿಗೆ ಚುಚ್ಚುತ್ತಿದ್ದವು. ಭಾವನಾ ಹೊಸ ಪುಸ್ತಕ ಹಿಡಿದು ಬಂದಳು. ಇದು ಕೆಂಪು ಅಟ್ಟೆಯದು.

"ಇದರಾಗರೆ ಹುಡಗಗ ಮಾತ ಬರತಾವೋ?" ಎಂದಳು ಸೋಮವ್ವ.

ಹೆಂಗಸರು ನಕ್ಕರು. ಬೀರವ್ವ ಸಾಲಿನಲ್ಲಿರಲಿಲ್ಲ. ಹೊಲದ ಗುಡಿಸಲ ಮುಂದೆ ಬಿಸಿಲಿಗೆ ಕೂತು ಮೊರದಲ್ಲಿ ಏನನ್ನೋ ಆರಿಸುತ್ತಿದ್ದಳು. ಭಾವನಾ ಹತ್ತಿರ ಹೋಗಿ ನೋಡಿದಳು. ಉಡಿಯ ಅಕ್ಕಿ. ಮಗ್ಗುಲಲ್ಲಿ ಖಣ, ಒಣಗಿ ಬೆಂಡಾದ ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು.

"ಉಡಿಗಂತ ಅಳದದ್ದನ್ನ ಹೊಳ್ಳಿ ಅಕ್ಕಿ ಹರಿವ್ಯಾಗ ಸುರವೂದಿಲ್ಲ," ಎಂದಳು ಬೀರವ್ವ, ತಲೆ ಎತ್ತದೆ. "ಬ್ಯಾರೆಯವರಿಗೆ ಕೊಡಾಕ ನಂದಲ್ಲ, ಆಕಿದು. ನುಸಿ ಬಿದ್ದಿತ್ತು."

"ಓದೋದು ಸುರು ಮಾಡ್ಲಿ ದೊಡವ್ವ?"

"ಮಾಡು. ಇಲ್ಲಿಗೆ ಕೇಳತೈತಿ."

ಅವಳು ಅಕ್ಕಿಯನ್ನು ಒಮ್ಮೆ ಕೇರಿದಳು. ನುಸಿಯೆಲ್ಲ ಗಾಳಿಗೆ ಹೋಯಿತು. ಮತ್ತೆ ಅದೇ ಬಟ್ಟೆಯಲ್ಲಿ ಹಾಕಿ, ಖಣ ಮೇಲಿಟ್ಟು, ಗಂಟು ಬಿಗಿದು, ಗುಡಿಸಲ ಗಳಕ್ಕೆ ತೂಗುಹಾಕಿದಳು. ಆಮೇಲೆ ಹಳೆ ಸೀರೆಯ ತುಂಡನ್ನು ಸೊಂಟಕ್ಕೆ ಕಟ್ಟಿಕೊಂಡು ತನ್ನ ಸಾಲಿಗೆ ಇಳಿದಳು.