ಕಣ್ಣು ಬಿಡದ ಹೆಣ

ಕೊಳ್ಳೇಗಾಲದಲ್ಲಿ ಮದುವೆ ವಿಡಿಯೋ ತೆಗೆಯುವ ಪ್ರಭುಸ್ವಾಮಿಗೆ ಸ್ಪೇನಿನ ಹಳೇ ದೆವ್ವದ ಸಿನಿಮಾಗಳ ಹುಚ್ಚು. ಪಾಳುಬಿದ್ದ ಮಠ, ಮಂಜು, ಬಣ್ಣದ ಡಬ್ಬಿ ಚೆಲ್ಲಿದಂಥ ರಕ್ತ, ಅವಸರವೇ ಇಲ್ಲದೆ ಗೋರಿಯಿಂದ ಏಳುವ ಹೆಣ, ಅದರ ಕಣ್ಣಿಗೆ ಸರ್ರನೆ ನುಗ್ಗುವ ಕ್ಯಾಮೆರಾ. ಆ ಹೆಣಗಳ ಗಾಂಭೀರ್ಯ ನಮ್ಮ ಮದುವೆ ಗಂಡುಗಳಿಗಿಲ್ಲವಲ್ಲ ಎಂದು ಕೊರಗುತ್ತಿದ್ದ. ಅಂಥದ್ದೊಂದು ಹೆಣವನ್ನು ತಾನೂ ಎಬ್ಬಿಸಬೇಕೆಂಬುದೇ ಅವನ ಜೀವದ ಆಸೆ.

ಹೆಣವಾಗಲು ಮುಳ್ಳೂರಿನ ಕೆಂಪನಂಜಪ್ಪ ಒಪ್ಪಿದರು. ಮಲಗಲು ಒಪ್ಪಲಿಲ್ಲ.

"ನಮ್ಮ ಲಿಂಗಾಯ್ತರು ಸತ್ರೆ ಕೂರ್ತಾರೆ ಕಣ್ಲಾ. ಮನೀಕಳಕ್ಕೆ ನಂಗೇನು ನಿದ್ದೆ ಬಂದದಾ?"

ಸರಿ, ಅವರ ಹೆಂಡತಿ ಮಗಳ ಮನೆಗೆ ಹೋದ ದಿನ ನೋಡಿ ಜಗಲಿಯ ಮೇಲೆ ಕೂರಿಸಿದ. ಹಣೆಗೆ ವಿಭೂತಿ, ಕೊರಳಿಗೆ ಹಾರ, ರಕ್ತಕ್ಕೆ ಬೆಲ್ಲದ ಪಾಕದಲ್ಲಿ ಕಲಸಿದ ಕುಂಕುಮ. ಸ್ಪೇನಿನ ಮಂಜಿನ ಬದಲು ಸಾಂಬ್ರಾಣಿ ಹೊಗೆ. ಸಂಜೆಯ ಕೆಂಪು ಬೆಳಕಿಗೆ ಕಾಯುತ್ತಿದ್ದಾಗ ದಾರಿಯಲ್ಲಿ ಹೋಗುವವರು ಚಪ್ಪಲಿ ಬಿಟ್ಟು ಕೈಮುಗಿಯತೊಡಗಿದರು. "ಇದು ಸಿನಿಮಾ ಕಣ್ರಿ" ಎಂದರೆ ಕೇಳುವವರಾರು? ಕೂರಿಸಿದ ಹೆಣದ ಕೊನೇ ಫೋಟೋ ತೆಗೆಸುವುದು ಊರಿನ ವಾಡಿಕೆ. ಎದುರಿಗೆ ಕ್ಯಾಮೆರಾ ಬೇರೆ ಇದೆ. ಯಾರೋ ಹೊನ್ನೂರಿನಲ್ಲಿದ್ದ ಅವರ ತಂಗಿಗೆ ಫೋನು ಮಾಡಿಯೇಬಿಟ್ಟರು.

ಬೆಳಕು ಹದಕ್ಕೆ ಬರುವುದಕ್ಕೂ ತಂಗಿ ವೀರಮ್ಮ ಆಟೋದಿಂದ ಇಳಿಯುವುದಕ್ಕೂ ಸರಿಹೋಯಿತು. ಒಂದು ತೆಂಗಿನಮರದ ಜಗಳಕ್ಕೆ ಮಾತು ಬಿಟ್ಟು, ಅಣ್ಣನ ಹೊಸ್ತಿಲು ತುಳಿಯೆನೆಂದು ಆಣೆಯಿಟ್ಟಿದ್ದವಳು. ಬಂದವಳೇ ಅವರ ಕಾಲು ಹಿಡಿದು, "ಕದ್ದ ಮಾವಿನಕಾಯಲ್ಲಿ ದೊಡ್ಡದು ನಂಗೇ ಕೊಡ್ತಿದ್ದಲ್ಲಣ್ಣ" ಎಂದು ಗೋಳಾಡಿದಳು.

ಪ್ರಭುಸ್ವಾಮಿ ಬಗ್ಗಿ ಪಿಸುಗುಟ್ಟಿದ. "ದೊಡ್ಡಪ್ಪ, ಬೆಳಕು ಓಯ್ತಾ ಅದೆ. ಕಣ್ಣು ಬುಡಿ, ನಿಧಾನಕ್ಕೆ ಏಳಿ."

ಹೆಣ ಮಿಸುಕಲಿಲ್ಲ. ಬದುಕಿದ್ದಾಗ ಬಾರದ ತಂಗಿ ಸತ್ತ ಮೇಲೆ ಬಂದಿದ್ದಾಳೆ, ತಾನು ಎದ್ದರೆ ಅವಳೂ ಎದ್ದು ಹೋಗುತ್ತಾಳೆ ಎಂದು ಆ ಹೆಣಕ್ಕೆ ಗೊತ್ತು. ಪ್ರಭುಸ್ವಾಮಿಗೂ ಅರ್ಥವಾಯಿತು. ಆದರೂ ಜಾರುತ್ತಿರುವ ಬೆಳಕು ನೋಡುತ್ತ ಕ್ಯಾಮೆರಾದ ಗುಂಡಿಯ ಮೇಲಿಟ್ಟ ಬೆರಳು ತೆಗೆಯಲಿಲ್ಲ.

ಅಷ್ಟರಲ್ಲಿ ಸಾಂಬ್ರಾಣಿ ಹೊಗೆ ಮೂಗಿಗೇರಿ ಹೆಣ ಸೀನಿತು. ಜನ ಚಪ್ಪಲಿ ಬಿಟ್ಟು ಓಡಿದರು. ವೀರಮ್ಮ ಮಾತ್ರ ಓಡಲಿಲ್ಲ. ಅಳು ನಿಲ್ಲಿಸಿ, ದಿಟ್ಟಿಸಿ ನೋಡಿ, ಸೆರಗಿನಿಂದ ಅಣ್ಣನ ಮೂಗೊರೆಸಿದಳು.

"ಕಣ್ಣು ಬುಡಬ್ಯಾಡ ಕಣಣ್ಣ. ಬುಟ್ರೆ ಆ ತೆಂಗಿನಮರದ ಮಾತು ನಾನು ಎತ್ತಲೇಬೇಕಾಯ್ತದೆ."

ಹಾಗೆಂದವಳು ಹೊಸ್ತಿಲು ದಾಟಿ ಒಳಗೆ ಹೋಗಿ ಟೀ ಕಾಸಿ ತಂದಳು. ಪ್ರಭುಸ್ವಾಮಿ ಉಳಿದಷ್ಟು ಬೆಳಕಿನಲ್ಲೇ ಕ್ಯಾಮೆರಾ ನುಗ್ಗಿಸಿದ. ತಂಗಿ ಹಿಡಿದ ಲೋಟದಿಂದ ಹೆಣ ಕಣ್ಣು ಮುಚ್ಚಿಕೊಂಡೇ ಒಂದು ಗುಟುಕು ಕುಡಿಯಿತು.

"ಸಕ್ಕರೆ ಕಮ್ಮಿ."

"ಸತ್ತೋರಿಗೆ ಅಷ್ಟು ಸಾಕು," ಎಂದಳು ವೀರಮ್ಮ.