ಒಂಬತ್ತರಲ್ಲಿ ಒಂದು ಸ್ವರ

ಹುಮನಾಬಾದಿನಲ್ಲಿ ಹಳೆ ಗಾಡಿ ಕೊಳ್ಳುವವರು ಮುಂಗಡ ಕೊಡುವ ಮೊದಲು ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ನನ್ನ ಹೆಸರು ಅಜೀತ. ಆದರೆ ಗಾಡಿಗಳ ಡೆಂಟ್ ಎತ್ತುವ ಡೆಂಟರ್ ಅಂದರೆ ಸಾಕು, ಬೈಪಾಸ್ ರಸ್ತೆಯಲ್ಲಿ ಯಾರು ಬೇಕಾದರೂ ನನ್ನ ಅಂಗಡಿ ತೋರಿಸುತ್ತಾರೆ. ನಾನು ಗಾಡಿಯ ಸುತ್ತ ನಡೆಯುತ್ತ ಬಾಗಿಲು, ಬಾನೆಟ್, ಮಡ್‌ಗಾರ್ಡ್ ಎಲ್ಲವನ್ನೂ ಬೆರಳಗೆಣ್ಣಿನಿಂದ ಬಡಿಯುತ್ತೇನೆ. ಅಸಲಿ ತಗಡು ಖಣ್ ಅನ್ನುತ್ತದೆ. ಎಲ್ಲೋ ಗುದ್ದಿಸಿಕೊಂಡು ಬಂದ ಗಾಡಿಗೆ ತಗ್ಗು ತುಂಬುವ ಪುಟ್ಟಿ ಮೆತ್ತಿ, ಮೇಲೆ ಬಣ್ಣ ಹೊಡೆದಿದ್ದರೆ ದಪ್ ಅನ್ನುತ್ತದೆ. ಮಾರುವವನು ತಾಯಿಯ ಮೇಲೆ ಆಣೆ ಮಾಡಿದರೂ ನಾನು ಕೇಳುವುದು ತಗಡಿನ ಮಾತು. ಮೂವತ್ತು ವರ್ಷ ಹೀಗೇ ನಡೆಯಿತು. ಗಾಡಿಗಳಿಗಿದ್ದಷ್ಟೇ ಬೆಲೆ ನನ್ನ ಮಾತಿಗೂ ಊರಲ್ಲಿ ಇತ್ತು.

ಎರಡು ತಿಂಗಳ ಹಿಂದೆ ನಸೀರನ ವಿಷಯದಲ್ಲಿ ನಾನು ಎಡವಿದೆ. ನಸೀರ್ ತರಕಾರಿ ವ್ಯಾಪಾರಿ, ನನಗೆ ಹಳೆಯ ದೋಸ್ತ. ಅವನು ನೋಡಿದ್ದ ಹಳೆ ಗೂಡ್ಸ್ ಗಾಡಿಯನ್ನು ನಾನು ಬಡಿದು, ಎಡ ಬಾಗಿಲೂ ಅಸಲಿ ಎಂದು ಹೇಳಿ ಕೊಡಿಸಿದೆ. ತಿಂಗಳು ಕಳೆಯುವುದರೊಳಗೆ ಅದೇ ಬಾಗಿಲಿನಿಂದ ರೊಟ್ಟಿ ಅಗಲದ ಪುಟ್ಟಿ ಕಳಚಿ ಬಿತ್ತು. ನಸೀರ್ ಆ ತುಂಡನ್ನು ಕೈಯಲ್ಲಿ ಹಿಡಿದು ತೋರಿಸಿದ, ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ತಿರುಗಿ ಬೈದು ಹಗುರಾಗುತ್ತಿದ್ದೆ. ಅವನು ಸುಮ್ಮನೆ ಚಹಾ ಕುಡಿಸಿ ಕಳಿಸಿದ.

ನಿಜ ಏನೆಂದರೆ, ನನ್ನ ಎಡಗಿವಿ ಮಂದವಾಗಿತ್ತು. ಸುತ್ತಿಗೆಯ ಸದ್ದಿನಲ್ಲೇ ಆಯುಷ್ಯ ಕಳೆದವನಿಗೆ ಇನ್ನೇನಾಗಬೇಕು. ಆದರೆ ಡೆಂಟರನಿಗೆ ಕಿವಿ ಹೋಯಿತು ಎಂದು ಊರಿಗೆ ಗೊತ್ತಾದರೆ ಅವನನ್ನು ಯಾರು ಕರೆಯುತ್ತಾರೆ? ನಾನು ಯಾರಿಗೂ ಹೇಳಲಿಲ್ಲ. ಹೆಂಡತಿ ಸುಗಂಧಾ ಟಿವಿಯ ದನಿ ಸಣ್ಣ ಮಾಡು ಅಂದರೆ ಅವಳ ಮೇಲೇ ಹಾರಾಡುತ್ತಿದ್ದೆ. ಗಾಡಿ ನೋಡಲು ಬಾ ಎಂದು ಕರೆದವರಿಗೆಲ್ಲ ಮೊಣಕಾಲು ನೋವು ಎಂದು ಹೇಳಿ ಸಾಗಹಾಕುತ್ತಿದ್ದೆ.

ಅಂಥ ಹೊತ್ತಿನಲ್ಲಿ ಮಗಳು ವಿಶಾಖಾ ಬಂದು ಹ್ಯಾಂಡ್‌ಪ್ಯಾನ್ ಕೊಳ್ಳಬೇಕು ಅಂದಳು.

ಅವಳು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಸಂಜೆ ನಮ್ಮ ಓಣಿಯ ಬುದ್ಧ ವಿಹಾರದಲ್ಲಿ ಹೆಂಗಸರಿಗೆ ಧ್ಯಾನ ಹೇಳಿಕೊಡುತ್ತಾಳೆ. ಯಾವುದೋ ಹತ್ತು ದಿನದ ಶಿಬಿರಕ್ಕೆ ಹೋದಾಗ ಅಲ್ಲಿ ಈ ವಾದ್ಯ ನುಡಿಸಲು ಕಲಿತು ಬಂದಿದ್ದಳು. ಅಂದಿನಿಂದ ಅದರದ್ದೇ ಜಪ. ಮೊಬೈಲಿನಲ್ಲಿ ತೋರಿಸಿದಾಗ ನಾನು ಇದು ಯಾವ ಗಾಡಿಯ ಪೆಟ್ರೋಲ್ ಟ್ಯಾಂಕ್ ಎಂದು ಕೇಳಿದೆ. ಎರಡು ಉಕ್ಕಿನ ಬೋಗುಣಿಗಳನ್ನು ಬಾಯಿಗೆ ಬಾಯಿ ಕೂಡಿಸಿ ಅಂಟಿಸಿದಂತಿತ್ತು. ಮೇಲೆ ನಡುವೆ ಒಂದು ಉಬ್ಬು, ಸುತ್ತ ಎಂಟು ತಗ್ಗು, ತಳದಲ್ಲಿ ಕೈ ಹಿಡಿಸುವಷ್ಟು ತೂತು. ಒಂಬತ್ತು ಜಾಗಕ್ಕೆ ಒಂಬತ್ತು ಸ್ವರ. ಕೋಲು ಗೀಲು ಏನೂ ಬೇಡ, ಬೆರಳಿನಿಂದ ಮುಟ್ಟಿದರೆ ಸಾಕು.

ಅವಳ ಮುಂದೆ ಎರಡು ದಾರಿ ಇದ್ದವು. ಹೊಸದು ಬೇಕೆಂದರೆ ದೂರದ ಊರಿನ ಕುಶಲಕರ್ಮಿಯೊಬ್ಬನಿಗೆ ಹೇಳಿ ಮಾಡಿಸಬೇಕು, ನಾಲ್ಕು ತಿಂಗಳು ಕಾಯಬೇಕು, ಕೈಗೆ ಬರುವವರೆಗೆ ಅದರ ದನಿ ಹೇಗಿದೆಯೋ ಗೊತ್ತಾಗುವುದಿಲ್ಲ. ಹಳೆಯದಾದರೆ ಬಸವಕಲ್ಯಾಣದಲ್ಲಿ ಔಷಧಿ ಅಂಗಡಿ ಇಟ್ಟ ಒವೈಸ್ ಎಂಬ ಹುಡುಗನ ಹತ್ತಿರ ಒಂದಿತ್ತು. ಹೊಸದರ ಅರ್ಧ ರೇಟಿಗೆ ಕೊಡಲು ಒಪ್ಪಿದ್ದ. ವಿಶಾಖಾಳ ಮನಸ್ಸು ಹಳೆಯದರ ಮೇಲೆ ಇತ್ತು, ಆದರೆ ನಾನು ಬಂದು ಬಡಿದು ನೋಡಬೇಕಂತೆ.

ನಾನು ಹೊಸದೇ ತಗೋ ಅಂದೆ. ಹಳೆಯದು ಹಳೆಯದೇ, ಯಾರು ಏನು ಮಾಡಿಟ್ಟಿರುತ್ತಾರೋ ಎಂದೆ. ಅವಳು ಸೊಂಟಕ್ಕೆ ಕೈಯಿಟ್ಟು ನನ್ನನ್ನೇ ನೋಡಿದಳು. ಹೊಸ ಗಾಡಿಗಳ ತಗಡು ಕಾಗದ, ಹಳೆ ತಗಡೇ ತಗಡು ಎಂದು ಹುಟ್ಟಿದಾಗಿನಿಂದ ನನ್ನ ಬಾಯಿಂದಲೇ ಕೇಳಿ ಬೆಳೆದವಳು ಅವಳು. ಸುಗಂಧಾ ಒಲೆಯ ಮುಂದಿನಿಂದಲೇ, ಊರ ಮಂದಿಯ ಗಾಡಿ ನೋಡಲು ಕಾಲು ನೋಯುತ್ತದೆ ಸರಿ, ಮಗಳ ಸಾಮಾನು ನೋಡಲೂ ನೋಯುತ್ತದೆಯೇ ಎಂದು ಕೇಳಿದಳು. ನನಗೆ ರೇಗಿತು. ರೇಗಿದಾಗ ನಾನು ಒಪ್ಪಿಕೊಂಡುಬಿಡುತ್ತೇನೆ, ಅದು ನನ್ನ ಹಣೆಬರಹ.

ಆದಿತ್ಯವಾರ ಬಸ್ ಹತ್ತಿ ಹೊರಟೆವು. ದಾರಿಯಲ್ಲಿನ ರಾಜೇಶ್ವರ ಊರು ದಾಟುವವರೆಗೂ ನಾನು ಒಂದೇ ಲೆಕ್ಕ ಹಾಕುತ್ತಿದ್ದೆ. ಬಲಗಿವಿ ಇನ್ನೂ ಚೆನ್ನಾಗಿದೆ, ಬಲಗಿವಿ ಕೊಟ್ಟು ಕೇಳಿದರೆ ಆಯಿತು, ಯಾರಿಗೂ ಸುಳಿವು ಸಿಗುವುದಿಲ್ಲ ಎಂದುಕೊಂಡೆ.

ಒವೈಸನ ಮನೆ ಕಿಲ್ಲಾದ ಹಿಂದಿನ ಗಲ್ಲಿಯಲ್ಲಿ, ಮೊದಲ ಮಹಡಿ. ಒಳ್ಳೆಯ ಹುಡುಗ, ಮಾತು ಕಡಿಮೆ. ಕೂತೊಡನೆ ಚಹಾ ತಂದಿಟ್ಟು, ವಾದ್ಯವನ್ನು ಚೀಲದಿಂದ ಕೂಸನ್ನು ಎತ್ತಿದಂತೆ ಎತ್ತಿ ಚಾಪೆಯ ಮೇಲೆ ಇಟ್ಟ. ಉಂಗುರ ತಗುಲಿದರೆ ಗೀರು ಬೀಳುತ್ತದೆಂದು ನನ್ನ ಉಂಗುರ ತೆಗೆಸಿದ. ಪುಣೆಯಲ್ಲಿ ಓದುವಾಗ ತೆಗೆದುಕೊಂಡದ್ದಂತೆ. ಯಾಕೆ ಮಾರುತ್ತೀ ಅಂದರೆ, ನನ್ನ ಕೈಗೆ ಒಲಿಯಲಿಲ್ಲ ಎಂದು ಮುಖ ಕೆಳಗೆ ಹಾಕಿದ.

ವಿಶಾಖಾ ತೊಡೆಯ ಮೇಲಿಟ್ಟುಕೊಂಡು ನುಡಿಸಿದಳು. ದೇವರಾಣೆ, ಅಂಥ ದನಿ ನಾನು ತಗಡಿನಿಂದ ಕೇಳಿರಲಿಲ್ಲ. ಮೂವತ್ತು ವರ್ಷ ತಗಡು ಬಡಿದೂ ಅದರೊಳಗೆ ಇದು ಇದೆ ಎಂದು ನನಗೆ ಗೊತ್ತಿರಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚೇ ಆಯಿತು. ಬೆರಳು ಎತ್ತಿದ ಮೇಲೂ ಸ್ವರ ಕೋಣೆಯಲ್ಲಿ ಉಳಿಯುತ್ತಿತ್ತು.

ಒಂದನ್ನು ಬಿಟ್ಟು. ಅವಳ ಎಡಗೈ ಕಡೆಯ ಒಂದು ತಗ್ಗು ಮುಟ್ಟಿದಾಗೆಲ್ಲ ಸ್ವರ ಹುಟ್ಟಿ, ಅರೆಗಳಿಗೆಯಲ್ಲಿ ಸತ್ತುಹೋಗುತ್ತಿತ್ತು. ನಾನು ತಲೆ ತಿರುಗಿಸಿ ಬಲಗಿವಿ ಕೊಟ್ಟೆ. ಆಗಲೂ ಹಾಗೇ. ಇನ್ನೊಮ್ಮೆ ನುಡಿಸು ಅಂದೆ. ಮತ್ತೆ ಹಾಗೇ. ಹಾಗಾದರೆ ಬಲಗಿವಿಯೂ ಹೋಯಿತು ಎಂದುಕೊಂಡೆ. ಎರಡೂ ಕಿವಿ ಹೋದ ಡೆಂಟರ್ ಬೈಪಾಸಿನಲ್ಲಿ ಕೂತು ನೊಣ ಹೊಡೆಯಬೇಕು, ಇಷ್ಟೇ.

ವಿಶಾಖಾ ತಲೆ ಎತ್ತಿ ಚಲೋ ಅದ ಹೌದಲ್ರಿ ಎಂದು ಕೇಳಿದಳು. ಒವೈಸನೂ ನನ್ನ ಮುಖವನ್ನೇ ನೋಡುತ್ತಿದ್ದ. ಇಬ್ಬರಿಗೂ ಏನೂ ಕೊರತೆ ಕೇಳಿಸಿದಂತಿರಲಿಲ್ಲ. ಅವಳ ಮುಖ ನೋಡಿದರೆ ಆಗಲೇ ಕೊಂಡು ಮನೆಗೆ ಒಯ್ದು ಬಿಟ್ಟಂತಿತ್ತು. ಹೌದು, ಚಲೋ ಅದ ಎಂದುಬಿಟ್ಟರೆ ನನ್ನ ಮಾನ ಉಳಿಯುತ್ತಿತ್ತು. ಮಾತು ನಾಲಿಗೆಯ ತುದಿಗೇ ಬಂದಿತ್ತು. ಆಗ ನಸೀರ್ ಕೈಯಲ್ಲಿ ಹಿಡಿದು ತೋರಿಸಿದ ಆ ಪುಟ್ಟಿಯ ತುಂಡು ಕಣ್ಣ ಮುಂದೆ ಬಂತು. ಅವನಾದರೆ ದೋಸ್ತ, ಚಹಾ ಕುಡಿಸಿ ಕಳಿಸಿದ. ಇವಳು ಮಗಳು, ವರ್ಷಗಟ್ಟಲೆ ಟ್ಯೂಷನ್ ಹೇಳಿ ಕೂಡಿಟ್ಟವಳು.

"ನನಗ ಒಂದು ಸ್ವರ ಸತ್ತಂಗ ಕೇಳ್ಸಾಕತ್ತದ," ಅಂದೆ. "ಆದ್ರ ನನ್ ಮಾತ ನಂಬಬ್ಯಾಡ್ರಿ. ನನ್ ಕಿವಿ ಹೋಗ್ಯಾವ."

ನಾನು ಚಾಪೆಯನ್ನೇ ನೋಡುತ್ತ ಕೂತೆ. ವಿಶಾಖಾ ಅಯ್ಯೋ ಅನ್ನಲಿಲ್ಲ. ವಾದ್ಯವನ್ನು ನನ್ನ ತೊಡೆಗೆ ದಾಟಿಸಿ, ಕಿವಿ ಹೋದರೆ ಹೋಗಲಿ, ಕೈ ಹಚ್ಚಿ ನೋಡಿ ಎಂದಳು.

ಅಂಗಡಿಯಲ್ಲಿ ನಾವು ತಗಡನ್ನು ಕೊನೆಗೆ ನೋಡುವುದು ಕೈಯಿಂದಲೇ. ಅಂಗೈ ಕೆಳಗೆ ತೆಳ್ಳಗಿನ ಬಟ್ಟೆ ಇಟ್ಟು ಮೆಲ್ಲಗೆ ಸವರಿದರೆ ಕಣ್ಣಿಗೆ ಕಾಣದ ಉಬ್ಬುತಗ್ಗೂ ತಿಳಿಯುತ್ತದೆ. ನಾನು ಕರವಸ್ತ್ರ ಹಾಸಿ ಸವರಿದೆ. ಏಳು ತಗ್ಗುಗಳ ಅಂಚು ಒಂದೇ ಸಮ ಇತ್ತು. ಆ ಸತ್ತ ಸ್ವರದ ತಗ್ಗಿಗೆ ಬಂದಾಗ ಅಂಗೈ ಒಂದು ಕಡೆ ತುಸು ಇಳಿಯಿತು. ಮತ್ತೆ ಸವರಿದೆ, ಮತ್ತೆ ಇಳಿಯಿತು. ಎದ್ದು ಕಿಟಕಿಯ ಹತ್ತಿರ ಹೋಗಿ ಓರೆಯಾಗಿ ಹಿಡಿದೆ. ಕಿಟಕಿ ಸರಳುಗಳ ನೆರಳು ಉಕ್ಕಿನ ಮೇಲೆ ನೆಟ್ಟಗೆ ಬಿದ್ದಿತ್ತು, ಅಲ್ಲಿ ಮಾತ್ರ ಒಂದು ಸರಳು ಡೊಂಕಾಗಿತ್ತು. ಇಬ್ಬರನ್ನೂ ಕರೆದು ತೋರಿಸಿದೆ. ಇಬ್ಬರಿಗೂ ಕಂಡಿತು.

ಎಂದೋ ಏನೋ ಬಡಿದು ಅಲ್ಲಿ ನವಿರಾಗಿ ಒಂದು ಡೆಂಟ್ ಬಿದ್ದಿತ್ತು. ಅಂದರೆ ಸ್ವರ ನಿಜವಾಗಿಯೂ ಸತ್ತಿತ್ತು. ನನ್ನ ಕಿವಿ ಕೇಳಿದ್ದು ಸರಿ ಇತ್ತು. ನಾನು ಕಿಟಕಿಯ ಕಟ್ಟೆಯ ಮೇಲೇ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತು. ಧೂಳು ಅಂದೆ, ಯಾರೂ ನಂಬಲಿಲ್ಲ.

ಆದರೆ ನನಗಿಂತ ಹೆಚ್ಚು ದಂಗಾದವನು ಒವೈಸ್. ಅವನು ಆ ಜಾಗವನ್ನು ಬೆರಳಿನಿಂದ ಮತ್ತೆ ಮತ್ತೆ ಮುಟ್ಟಿ ನೋಡಿದ. ಪುಣೆಯಿಂದ ಮನೆ ಸಾಮಾನು ತರುವಾಗ ಏನಾದರೂ ಮೇಲೆ ಬಿದ್ದಿರಬೇಕಂತೆ. ಅಲ್ಲಿ ಓದಿನ ನಡುವೆ ಅದನ್ನು ನುಡಿಸಿದ್ದೇ ಕಡಿಮೆಯಂತೆ. ಅದೊಂದು ಸ್ವರಕ್ಕಾಗಿ ವರ್ಷಪೂರ್ತಿ ಪ್ರತಿದಿನ ಅಂಗಡಿ ಮುಚ್ಚಿ ಬಂದು ಕೂತಿದ್ದನಂತೆ. ಮೆಲ್ಲಗೆ ಮುಟ್ಟಿ, ಜೋರಾಗಿ ಮುಟ್ಟಿ, ಬೆರಳು ಬದಲಿಸಿ ನೋಡಿದ್ದನಂತೆ. ಕೊನೆಗೆ ಬೇಸತ್ತು ಮಾರಲು ಇಟ್ಟ. ವಿಶಾಖಾ ನುಡಿಸಿದಾಗಲೂ ಸ್ವರ ಹಾಗೇ ಬಂತಲ್ಲ, ಇದು ಇರುವುದೇ ಹೀಗೆ ಎಂದುಕೊಂಡನಂತೆ.

"ಕಾಕಾ, ನಂದು ಕೈಯೇ ಸರಿ ಇಲ್ಲ ಅಂತ ತಿಳ್ಕೊಂಡಿದ್ದೆ," ಅಂದ. ಅಂದವನೇ ನಗತೊಡಗಿದ. ಆ ಹುಡುಗ ನಕ್ಕಿದ್ದು ಅಂದು ಅದೇ ಮೊದಲು.

ನೀವೇ ಬಡಿದು ಎತ್ತಿಬಿಡಿ ಎಂದು ನನ್ನನ್ನು ಕೇಳಿಕೊಂಡ. ತಳದ ತೂತಿನಿಂದ ಕೈ ಹಾಕಿದರೆ ಎರಡು ಏಟಿನ ಕೆಲಸ, ಆಸೆಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಗಾಡಿಯಲ್ಲಿ ತಗ್ಗು ಅಂದರೆ ಎಲ್ಲವೂ ತಪ್ಪಿನಿಂದ ಬಿದ್ದದ್ದು. ಇದರಲ್ಲಿ ಎಂಟು ತಗ್ಗು ಬೇಕೆಂದೇ ಹಾಕಿದ್ದು. ಒಂದು ಎತ್ತಲು ಹೋಗಿ ಇನ್ನೆರಡು ಕೆಡಿಸಿದರೆ? ಇದನ್ನು ಮಾಡಿದವನ ಹತ್ತಿರವೇ ಕಳಿಸಿ ಶ್ರುತಿ ಮಾಡಿಸು ಅಂದೆ. ಒವೈಸ್ ಒಪ್ಪಿದ. ಆಮೇಲೆ ನಾಚಿಕೊಂಡು, ಇನ್ನು ಇದನ್ನು ಮಾರುವುದಿಲ್ಲ, ತಪ್ಪು ತಿಳಿಯಬೇಡಿ ಎಂದ. ವಿಶಾಖಾ ತಪ್ಪೇನೂ ತಿಳಿಯಲಿಲ್ಲ. ಇದನ್ನೇ ಒಯ್ದಿದ್ದರೆ ತಾನೂ ತನ್ನ ಕೈಯನ್ನೇ ಬೈದುಕೊಳ್ಳುತ್ತ ಕೂರುತ್ತಿದ್ದೆ ಎಂದಳು. ಅಲ್ಲೇ ಕೂತು ಆ ದೂರದ ಊರಿನವನಿಗೆ ಫೋನ್ ಹಚ್ಚಿ, ಹೊಸದೊಂದು ಮಾಡಲು ಹೇಳಿದಳು. ನಾಲ್ಕು ತಿಂಗಳು ತಾನೇ, ಕಾಯುತ್ತೇನೆ ಅಂದಳು.

ಬಸ್ ಸ್ಟ್ಯಾಂಡಿನಲ್ಲಿ ಶೇಂಗಾ ತಿನ್ನುತ್ತ ನಾನು ಅವಳ ಮುಖ ನೋಡದೆ, ಕಿವಿಯ ವಿಷಯ ನಿಮ್ಮವ್ವನಿಗೆ ಹೇಳಬೇಡ ಅಂದೆ. ಬಲಗಿವಿ ಸರಿ ಇದೆ, ಎಡಗಿವಿ ಮಾತ್ರ ಮಂದ ಎಂದೂ ಹೇಳಿದೆ.

"ಪಪ್ಪಾ, ವರ್ಷ ಆತು ನಮಗ ಗೊತ್ತಾಗಿ," ಅಂದಳು. "ಮಮ್ಮಿ ಊಟಕ್ಕ ಯಾವಾಗ್ಲೂ ನಿಮ್ ಬಲಕ್ಕ ಯಾಕ ಕೂಡ್ತಾಳ ಅಂತ ಮಾಡೀರಿ?"

ನಾನು ಶೇಂಗಾ ಜಗಿಯುವುದನ್ನು ನಿಲ್ಲಿಸಿದೆ. ಹೌದಲ್ಲ, ಹಿಂದೆ ಅವಳು ಎದುರಿಗೆ ಕೂರುತ್ತಿದ್ದಳು. ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ದರೆ ಮನೆ ತಲೆ ಮೇಲೆ ಮಾಡುತ್ತಿದ್ದಿರಿ ಎಂದಳು. ಅದು ನಿಜ. ಕಿವಿ ಮಂದ ಎಂದು ಗೊತ್ತಿದ್ದೂ ನನ್ನನ್ನು ಯಾಕೆ ಕರೆದುಕೊಂಡು ಬಂದೆ ಅಂದೆ. ನಿಮಗೆ ಒಂದು ಕಿವಿಯಲ್ಲಿ ಕೇಳುವಷ್ಟು ನಮಗೆ ಎರಡರಲ್ಲೂ ಕೇಳುವುದಿಲ್ಲ, ಇವತ್ತು ನೋಡಲಿಲ್ಲವೇ ಎಂದಳು. ನಾಳೆ ಬೀದರಿಗೆ ಹೋಗಿ ಕಿವಿ ತೋರಿಸಿಕೊಂಡು ಬರಬೇಕು ಎಂದು ಹುಕುಂ ಕೂಡ ಆಯಿತು. ಎಂದಿನಂತೆ ಕೂಗಾಡಬೇಕೆಂದು ನೋಡಿದೆ, ಸಿಟ್ಟೇ ಬರಲಿಲ್ಲ.

ಬಸ್ ತುಂಬಿತ್ತು. ವಿಶಾಖಾ ಮುಂದೆ ಹೆಂಗಸರ ನಡುವೆ ಕೂತಳು, ನನಗೆ ಹಿಂದೆ ಬಲಬದಿಯ ಕಿಟಕಿ ಸಿಕ್ಕಿತು. ಕಂಡಕ್ಟರ್ ನನ್ನ ಎಡಕ್ಕೆ ನಿಂತು ಏನೋ ಕೇಳಿದ. ಬಾಯಿ ಆಡಿದ್ದು ಕಂಡಿತು, ಮಾತು ತಿಳಿಯಲಿಲ್ಲ. ಇಂಥ ಹೊತ್ತಿನಲ್ಲಿ ನಾನು ವರ್ಷದಿಂದ ಒಂದೋ ಕಿಟಕಿಯಾಚೆ ನೋಡುತ್ತಿದ್ದೆ, ಇಲ್ಲವೇ ಮನಸ್ಸಿಗೆ ತೋಚಿದ ಉತ್ತರ ಕೊಡುತ್ತಿದ್ದೆ.

"ಈ ಕಿವಿ ಕೇಳ್ಸಂಗಿಲ್ರಿ," ಅಂದೆ. "ಸ್ವಲ್ಪ ಜೋರ ಹೇಳ್ರಿ."

ನನ್ನ ದನಿ ಅಂದುಕೊಂಡದ್ದಕ್ಕಿಂತ ದೊಡ್ಡದಾಯಿತು. ಮುಂದಿನ ಸೀಟಿನ ಇಬ್ಬರು ತಿರುಗಿ ನೋಡಿದರು, ಮತ್ತೆ ತಮ್ಮ ಮಾತಿಗೆ ತಿರುಗಿದರು. ಕಂಡಕ್ಟರ್ ನನ್ನ ಕಡೆ ಬಾಗಿ, ಚಿಲ್ಲರೆ ಇದೆಯೇ ಎಂದು ಜೋರಾಗಿ ಕೇಳಿದ. ಇದೆ ಎಂದು ಕೊಟ್ಟೆ. ಅವನು ಹುಮನಾಬಾದಿನ ಟಿಕೆಟ್ ಹರಿದು ನನ್ನ ಕೈಗಿಟ್ಟು, ಹಿಂದಿನ ಸೀಟಿಗೆ ಹೋದ.